ನಾಣ್ಯ ಕೊಡುವ ಮುನ್ನ ಲೆಕ್ಕ ಕೇಳಿ

ಕಾಲೇಜು ಶುಲ್ಕ, ಕೋಚಿಂಗ್ ಫೀ, ಬೆಂಗಳೂರಿನ ಪಿ.ಜಿ.ಗೆ ಅಡ್ವಾನ್ಸ್... ದುಡ್ಡು ಹೊಂದಿಸಬೇಕಾದಾಗ ಎಷ್ಟೋ ಮನೆಗಳಲ್ಲಿ ಬೀರುವಿನೊಳಗಿನ ಪುಟ್ಟ ಡಬ್ಬಿ ಹೊರಬರುತ್ತದೆ. ಅದರಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿ, ದೀಪಾವಳಿಗೆ ಕೊಂಡ ಲಕ್ಷ್ಮಿ ನಾಣ್ಯ, ಮದುವೆಗೆ ಬಂದ ಉಡುಗೊರೆ ಇರುತ್ತವೆ. ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನಾವು, ಮಾರುವಾಗ ಮಾತ್ರ ಅಂಗಡಿಯವರು ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತೇವೆ.

ಹೆಚ್ಚು ಎಚ್ಚರ ಬೇಕಿರುವುದು ಮಾರುವಾಗಲೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಕೊಟ್ಟು ವಸ್ತು ಕೊಳ್ಳುವವರು ಅಥವಾ ಸೇವೆ ಪಡೆಯುವವರು ಗ್ರಾಹಕರು. ನಾಣ್ಯ ಮಾರಲು ಹೋದಾಗ ನಾವು ಮಾರಾಟಗಾರರು, ಕೊಳ್ಳುವವರು ಅಂಗಡಿಯವರು. ಹಾಗಾಗಿ ಆಮೇಲೆ ಗ್ರಾಹಕರ ಆಯೋಗದ ಬಾಗಿಲು ತಟ್ಟುವುದು ಸುಲಭವಲ್ಲ. ನಮ್ಮ ಹಕ್ಕಿಗೆ ಬಲ ಇರುವುದು ನಾಣ್ಯ ನಮ್ಮ ಕೈಯಲ್ಲಿರುವಾಗ.

ಮೊದಲು ನಾಣ್ಯದ ಮೇಲಿನ ಇಸವಿ ನೋಡಿ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಮುಖವಿರುವ ಒಂದು ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಶೇ 91.7ರಷ್ಟು ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಶೇ 50 ಮಾತ್ರ. 1947ರದ್ದು ನಿಕಲ್ ನಾಣ್ಯ, ಅದರಲ್ಲಿ ಬೆಳ್ಳಿಯೇ ಇಲ್ಲ.

ಈ ಲೆಕ್ಕ ಗೊತ್ತಿದ್ದರೆ ಏನಾಗುತ್ತದೆ? ಐದನೇ ಜಾರ್ಜ್ ಕಾಲದ ಹತ್ತು ರೂಪಾಯಿಗಳನ್ನು ಹಿಡಿದು ಅಜ್ಜಿಯೊಂದಿಗೆ ಅಂಗಡಿಯೊಂದಕ್ಕೆ ಹೋಗಿದ್ದೆ. 'ಅಮ್ಮಾ, ಹಳೇ ಬೆಳ್ಳಿ, ಎಂಬತ್ತು ಟಚ್ ಅಷ್ಟೇ' ಎಂದರು. ನಾಣ್ಯ ವಾಪಸ್ ತೆಗೆದುಕೊಂಡು, ಪರೀಕ್ಷಾ ಯಂತ್ರವಿದ್ದ ಇನ್ನೊಂದು ಅಂಗಡಿಗೆ ಹೋದೆವು. ಯಂತ್ರ ಶೇ 91ಕ್ಕೂ ಹೆಚ್ಚು ತೋರಿಸಿತು. ಹತ್ತು ನಾಣ್ಯದ 116.6 ಗ್ರಾಂ ತೂಕದಲ್ಲಿ ಶುದ್ಧ ಬೆಳ್ಳಿ ಸುಮಾರು 106.9 ಗ್ರಾಂ. ಎಂಬತ್ತು ಟಚ್ ಎಂದು ಒಪ್ಪಿದ್ದರೆ 93.3 ಗ್ರಾಂಗೆ ಮಾತ್ರ ದುಡ್ಡು. 13 ಗ್ರಾಂಗೂ ಹೆಚ್ಚು ಬೆಳ್ಳಿ ಒಂದೇ ಮಾತಿನಲ್ಲಿ ಕೈಬಿಡುತ್ತಿತ್ತು.

ವ್ಯಾಪಾರಿಗೂ ಲಾಭ ಬೇಕು, ಕರಗಿಸುವ ಖರ್ಚೂ ಇದೆ. ಅದನ್ನು ಹಿಡಿದುಕೊಳ್ಳುವುದು ತಪ್ಪಲ್ಲ, ಎಷ್ಟೆಂದು ಹೇಳದೆ ಹಿಡಿಯುವುದು ತಪ್ಪು. ಆದ್ದರಿಂದ ನಾಲ್ಕು ವಿಷಯ ಬಿಡಿಸಿ ಕೇಳಿ: ತೂಕ ಎಷ್ಟು, ಶುದ್ಧತೆ ಎಷ್ಟು, ಇಂದಿನ ದರ ಎಷ್ಟು, ಕಡಿತ ಎಷ್ಟು. ತೂಕ ನಿಮ್ಮ ಕಣ್ಣೆದುರೇ ಆಗಲಿ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಆ ಇಲಾಖೆಗೇ ದೂರು ಕೊಡಬಹುದು. ಬೆಲೆ ಒಪ್ಪುವವರೆಗೆ ನಾಣ್ಯ ಕತ್ತರಿಸಲು, ಕರಗಿಸಲು ಬಿಡಬೇಡಿ.

ಕೆಲವರು 'ಜಿಎಸ್‌ಟಿ' ಹೆಸರಿನಲ್ಲೂ ದುಡ್ಡು ಮುರಿಯುತ್ತಾರೆ. ಮನೆಯ ಹಳೆಯ ಒಡವೆಯನ್ನು ವ್ಯಕ್ತಿಯೊಬ್ಬರು ಅಂಗಡಿಗೆ ಮಾರಿದರೆ ಅದು ವ್ಯಾಪಾರವಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2017ರ ಜುಲೈನಲ್ಲೇ ಸ್ಪಷ್ಟಪಡಿಸಿದೆ. ಹಣ ಬ್ಯಾಂಕ್ ಖಾತೆಗೆ ಬರಲಿ, ತೂಕ-ದರ ಬರೆದ ಚೀಟಿ ಕೈಗೆ ಸಿಗಲಿ. ಅವರು ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ. ಕದ್ದ ಮಾಲಿನ ಭಯ ಅವರಿಗೂ ಇರುತ್ತದೆ.

ಇಸವಿ ಅಪರೂಪದ್ದಾದರೆ ಸಂಗ್ರಹಕಾರರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಅಂಥ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೆಲೆ ಇಳಿಯುತ್ತದೆ. 'ಹಳೇ ನಾಣ್ಯಕ್ಕೆ ಲಕ್ಷ ರೂಪಾಯಿ, ಮೊದಲು ಶುಲ್ಕ ಕಟ್ಟಿ' ಎಂಬ ಆನ್‌ಲೈನ್ ಜಾಹೀರಾತುಗಳನ್ನು ಮಾತ್ರ ನಂಬಬೇಡಿ. ತನ್ನ ಹೆಸರು ಬಳಸಿ ಇಂಥ ವಂಚನೆ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು, ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಅಂಗಡಿಯವರು ಚಹಾ ತರಿಸಿದರು, ಅರ್ಧ ಗಂಟೆ ಕೂರಿಸಿ ಮಾತನಾಡಿಸಿದರು ಎಂಬ ದಾಕ್ಷಿಣ್ಯಕ್ಕೆ ನಾಣ್ಯ ಕೊಟ್ಟು ಬರುವವರೇ ಹೆಚ್ಚು. ಲೆಕ್ಕ ಸರಿ ಕಾಣದಿದ್ದರೆ 'ಯೋಚಿಸಿ ಬರುತ್ತೇವೆ ಅಣ್ಣಾ' ಎಂದು ಎದ್ದು ಬನ್ನಿ. ಅದಕ್ಕೆ ಯಾರೂ ಏನೂ ಅನ್ನುವಂತಿಲ್ಲ. ಆ ಬೆಳ್ಳಿ ನಿಮ್ಮ ಮನೆಯವರು ಕಷ್ಟದ ದಿನಕ್ಕೆಂದು ಎತ್ತಿಟ್ಟದ್ದು, ಅದರ ಪೂರ್ತಿ ಬೆಲೆ ನಿಮಗೇ ಸಿಗಬೇಕು.