ಹೆಂಗಸಿಗೆಲ್ಲಿಯ ಹಾರ್ಟ್ ಅಟ್ಯಾಕು?

ಉಡುಮಲೆಯಿಂದ ಪಳನಿಗೆ ಹೋಗುವ ದಾರಿಯಲ್ಲಿ ಮಡತ್ತುಕುಳಂ ಸಿಗುತ್ತದೆ. ಅಮರಾವತಿಯ ನೀರು, ತೆಂಗು, ಕಬ್ಬು, ಭತ್ತ. 2009ರವರೆಗೆ ಕೊಯಮತ್ತೂರು ಜಿಲ್ಲೆ, ಆಮೇಲೆ ತಿರುಪ್ಪೂರು. ಈ ಸೀಮೆಯ ದೇವಾಂಗರ, ಅನುಪ್ಪರ ಮನೆಗಳಲ್ಲಿ ಇವತ್ತಿಗೂ ಒಳಗೆ ಕನ್ನಡ, ಹೊರಗೆ ತಮಿಳು. ಎದೆನೋವಿನ ವಿಷಯದಲ್ಲಿ ಮಾತ್ರ ಎರಡೂ ಭಾಷೆಯವರು ಒಂದೇ ಮಾತು ಹೇಳುತ್ತಾರೆ: ಗಂಡಸಿಗೆ ಬಂದರೆ ಹಾರ್ಟು, ಹೆಂಗಸಿಗೆ ಬಂದರೆ ಗ್ಯಾಸು. ಅಪ್ಪ ಎದೆ ಹಿಡಿದುಕೊಂಡರೆ ಕಾರು ಕರೆಸುತ್ತಾರೆ. ಅಮ್ಮ ಹಿಡಿದುಕೊಂಡರೆ ‘ವಾಯುಪಿಡಿಪ್ಪು’ ಎಂದು ಒಣಶುಂಠಿಯ ಸುಕ್ಕುಕಾಪಿ ಕಾಯಿಸುತ್ತಾರೆ. ಬಹಳ ಸಲ ಅದನ್ನು ಕಾಯಿಸಿಕೊಳ್ಳುವವಳೂ ಅವಳೇ.

ಲೆಕ್ಕ ಬೇರೆ ಹೇಳುತ್ತದೆ. 2019ರಲ್ಲಿ ಜಗತ್ತಿನಲ್ಲಿ ತೀರಿಕೊಂಡ ಹೆಂಗಸರಲ್ಲಿ ನೂರಕ್ಕೆ ಸುಮಾರು 35 ಮಂದಿಯ ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಪಾರ್ಶ್ವವಾಯುವೂ ಇದರಲ್ಲಿ ಸೇರಿದೆ. ಎಲ್ಲ ಬಗೆಯ ಕ್ಯಾನ್ಸರ್ ಕೂಡಿಸಿದರೂ ಅಷ್ಟಾಗುವುದಿಲ್ಲ. ಹಾಗೆಂದು ಜನರ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಅದರಲ್ಲಿ ಇದ್ದರು. ಮೊದಲ ಹೃದಯಾಘಾತ ಹೆಂಗಸರಿಗೆ ಗಂಡಸರಿಗಿಂತ ಸರಾಸರಿ 9 ವರ್ಷ ತಡವಾಗಿ ಬರುತ್ತದೆ ಎಂದು ಅದು ಕಂಡುಕೊಂಡಿತು. ತಡವಾಗಿ ಬರುವುದನ್ನು ನಾವು ಬರುವುದೇ ಇಲ್ಲ ಎಂದು ತಿಳಿದುಕೊಂಡೆವು. ಅದೇ ಅಧ್ಯಯನ ಹೇಳಿದ ಇನ್ನೆರಡು ಸಂಗತಿ ನಮ್ಮ ಕಿವಿಗೆ ಬೀಳಲಿಲ್ಲ. ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. ಸಕ್ಕರೆ ಕಾಯಿಲೆ ಗಂಡಸಿನ ಅಪಾಯವನ್ನು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಿಸಿದರೆ, ಹೆಂಗಸಿನ ಅಪಾಯವನ್ನು ನಾಲ್ಕು ಪಟ್ಟಿಗೂ ಮೀರಿ ಏರಿಸುತ್ತದೆ.

ಹಾಗಾಗಿ ‘ಮುಟ್ಟು ನಿಲ್ಲುವವರೆಗೆ ಹೆಣ್ಣಿಗೆ ಭಯವಿಲ್ಲ’ ಎಂಬ ಮಾತು ಸಕ್ಕರೆ ಕಾಯಿಲೆ ಇರುವವಳಿಗೆ ಅನ್ವಯಿಸುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ನುಂಗಿದರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆಂದು ಡಾಕ್ಟರುಗಳೇ ಒಂದು ಕಾಲಕ್ಕೆ ನಂಬಿದ್ದರು. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪರೀಕ್ಷೆಯಲ್ಲಿ ಆ ಮಾತ್ರೆ ನುಂಗಿದವರಲ್ಲೇ ಹೃದಯಾಘಾತ ಹೆಚ್ಚು ಕಂಡಿತು. ಬೇರೆ ತೊಂದರೆಗೆ ವೈದ್ಯರು ಆ ಮಾತ್ರೆ ಬರೆದುಕೊಟ್ಟರೆ ಅದು ಬೇರೆ ಮಾತು. ಹೃದಯ ಕಾಯಲೆಂದೇ ಅದನ್ನು ನುಂಗುವುದು ಬೇಡ.

‘ಹೆಂಗಸರಿಗೆ ಹೃದಯಾಘಾತದಲ್ಲಿ ಎದೆನೋವೇ ಬರುವುದಿಲ್ಲ.’ ಇದು ಹೊಸ ತಪ್ಪು ಕಲ್ಪನೆ, ವಾಟ್ಸಾಪ್ ಕಾಲದ್ದು. ಹಳೆಯದನ್ನು ತಿದ್ದಲು ಹೊರಟವರು ಇನ್ನೊಂದು ತುದಿಗೆ ಹೋಗಿ ನಿಂತರು. 2019ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಒಂದು ಅಧ್ಯಯನದಲ್ಲಿ ಹೃದಯಾಘಾತವಾದ ಗಂಡಸರು, ಹೆಂಗಸರು ಇಬ್ಬರಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಎದೆನೋವು ಇತ್ತು. ವ್ಯತ್ಯಾಸ ಇರುವುದು ಜೊತೆಗೆ ಬರುವ ಲಕ್ಷಣಗಳಲ್ಲಿ: ಬೆನ್ನಿಗೆ, ದವಡೆಗೆ, ತೋಳಿಗೆ ಹರಡುವ ನೋವು, ಓಕರಿಕೆ, ಉಸಿರು ಸಾಲದಿರುವುದು, ಕಾರಣವಿಲ್ಲದ ಸುಸ್ತು. ಇವು ಹೆಂಗಸರಲ್ಲಿ ತುಸು ಹೆಚ್ಚು. ವ್ಯತ್ಯಾಸ ಇನ್ನೊಂದಿದೆ, ಅದು ದೇಹದ್ದಲ್ಲ. ಇವಳು ಎದೆಯ ಮಾತು ಕೊನೆಗೆ ಹೇಳುತ್ತಾಳೆ, ಮೊದಲು ‘ತಿಂದದ್ದು ಹಿಡಿಸಿಲ್ಲ’ ಎನ್ನುತ್ತಾಳೆ. ಕೇಳುವವರೂ ಅಲ್ಲಿಗೇ ಬಿಡುತ್ತಾರೆ. ಉಸಿರು ಕಟ್ಟಿದರೆ ‘ರಕ್ತ ಕಡಿಮೆ’ ಎಂಬ ಉತ್ತರವಂತೂ ಸಿದ್ಧವಾಗಿರುತ್ತದೆ. ತಮಿಳುನಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ ಇರುವುದು ನಿಜ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 53. ಆದರೆ ರಕ್ತ ಕಡಿಮೆ ಇದ್ದವಳಿಗೆ ಹೃದ್ರೋಗ ಬರಬಾರದೆಂದೇನೂ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಯಾರೂ ನಂಬಿಕೆ ಎಂದು ಗುರುತಿಸದ ಒಂದು ನಂಬಿಕೆ: ‘ಬಸುರಿನಲ್ಲಿ ಬಂದ ಬಿಪಿ, ಶುಗರ್ ಹೆರಿಗೆಯೊಂದಿಗೆ ಹೋಯಿತು.’ ಹೋಗುತ್ತದೆ, ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಬಿಪಿ ಇಳಿಯುತ್ತದೆ. ಆದರೆ 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿ-ಎಕ್ಲಾಂಪ್ಸಿಯಾ ಆದವರಿಗೆ ಮುಂದೆ ರಕ್ತದೊತ್ತಡ ಬರುವ ಸಂಭವ ಮೂರೂವರೆ ಪಟ್ಟಿಗೂ ಮಿಗಿಲು, ಹೃದ್ರೋಗದ ಸಂಭವ ಎರಡು ಪಟ್ಟು ಎಂದು ಕಂಡಿತು. ಬಸುರಿನಲ್ಲಿ ಸಕ್ಕರೆ ಏರಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಏಳು ಪಟ್ಟು. ಒಂಬತ್ತು ತಿಂಗಳು ರಕ್ತನಾಳಗಳಿಗೆ ಕಠಿಣ ಪರೀಕ್ಷೆಯ ಕಾಲ. ಅಲ್ಲಿ ತಡವರಿಸಿದ ದೇಹ ಐವತ್ತರಲ್ಲಿ ಏನಾದೀತೆಂದು ಇಪ್ಪತ್ತೈದರಲ್ಲೇ ಹೇಳಿಬಿಟ್ಟಿರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರಲ್ಲಿ ಬಸುರಿನ ಈ ತೊಂದರೆಗಳನ್ನು ಹೆಂಗಸರ ಹೃದ್ರೋಗದ ಅಪಾಯಗಳ ಪಟ್ಟಿಗೆ ಸೇರಿಸಿತು.

ಈ ವಿಷಯದಲ್ಲಿ ತಮಿಳುನಾಡಿನವರು ಒಂದು ಹೆಜ್ಜೆ ಮುಂದಿದ್ದಾರೆ. ಚೆನ್ನೈನ ವೈದ್ಯ ವಿ. ಶೇಷಯ್ಯ ಅವರ ಪಟ್ಟು ಬಿಡದ ಪ್ರಯತ್ನದಿಂದ 2007ರಲ್ಲಿ ಇಲ್ಲಿ ಎಲ್ಲ ಗರ್ಭಿಣಿಯರಿಗೂ ಸಕ್ಕರೆ ಪರೀಕ್ಷೆ ಕಡ್ಡಾಯವಾಯಿತು. 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿಸಿ ಎರಡು ಗಂಟೆ ಬೆಂಚಿನ ಮೇಲೆ ಕೂರಿಸುತ್ತಾರೆ. ಆ ಸಿಹಿ ಗಂಟಲಿಗಿಳಿಯದೆ ವಾಂತಿ ಮಾಡಿಕೊಳ್ಳುವವರೂ ಉಂಟು. ಎರಡು ಗಂಟೆಯ ಮೇಲೆ ರಕ್ತದ ಸಕ್ಕರೆ 140 ದಾಟಿದರೆ ಚಿಕಿತ್ಸೆ ಶುರು. ಇಷ್ಟೆಲ್ಲ ಶಿಸ್ತು ಮಗು ಹುಟ್ಟುವವರೆಗೆ. ಆಮೇಲೆ ಮಗುವಿನ ಲಸಿಕೆಗೆ ತಾರೀಖು ತಪ್ಪುವುದಿಲ್ಲ, ತಾಯಿಯ ಬಿಪಿಗೆ ತಾರೀಖೇ ಇರುವುದಿಲ್ಲ. ಇಪ್ಪತ್ತು ವರ್ಷ ಕಳೆದು ಅವಳು ಎದೆನೋವೆಂದು ಹೋದಾಗ ‘ಬಸುರಿನಲ್ಲಿ ಬಿಪಿ ಇತ್ತಾ ಅಮ್ಮಾ?’ ಎಂದು ಕೇಳುವವರು ಅಪರೂಪ. ಕೇಳದಿದ್ದರೂ ಹೇಳಬೇಕು.

‘ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಕೂರುವುದಿಲ್ಲ, ನನಗ್ಯಾತರ ವಾಕಿಂಗು?’ ಈ ಪ್ರಶ್ನೆಗೆ ಮರ್ಯಾದೆಯಿಂದಲೇ ಉತ್ತರಿಸಬೇಕು. ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ರುಬ್ಬಿ, ಗದ್ದೆಯಲ್ಲಿ ಬಾಗಿ ನಾಟಿ ಮಾಡಿದ ಅತ್ತೆಗೆ ಈ ಮಾತು ಸಲ್ಲುತ್ತಿತ್ತು. 2011ರಿಂದ ಸರ್ಕಾರವೇ ಮಿಕ್ಸಿ, ಗ್ರೈಂಡರು, ಫ್ಯಾನು ಹಂಚಿತು. ಬೆನ್ನು ಉಳಿಯಿತು, ಅದು ಒಳ್ಳೆಯದೇ, ಒರಳಿಗೆ ಮರಳಿ ಎಂದು ಯಾರೂ ಹೇಳಬಾರದು. ಆದರೆ ಬೆವರು ಬರಿಸುವ ಕೆಲಸ ಕಡಿಮೆಯಾಯಿತು, ದಣಿವು ಮಾತ್ರ ಉಳಿಯಿತು. ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವಳ ದಿನ ನೋಡಿ. ಕತ್ತಲಿನಲ್ಲೇ ಅಡುಗೆ, ವ್ಯಾನಿನಲ್ಲಿ ಪಯಣ, ಹೊಲಿಗೆ ಯಂತ್ರದ ಮುಂದೆ ದಿನವಿಡೀ ಒಂದೇ ಭಂಗಿ, ಮತ್ತೆ ವ್ಯಾನು, ಮತ್ತೆ ಅಡುಗೆ. ಮೈಯೆಲ್ಲ ನೋವು, ಹೃದಯಕ್ಕೆ ವ್ಯಾಯಾಮ ಸೊನ್ನೆ. ನೂಲಿನ ಮಿಲ್ಲಿನಲ್ಲಿ ಪಾಳಿ ಬದಲಾಗುತ್ತ ರಾತ್ರಿ ದುಡಿಯುವವಳಿಗೆ ಇನ್ನೊಂದು ಅಪಾಯ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ಅಮೆರಿಕದ ದಾದಿಯರಲ್ಲಿ ಹೃದ್ರೋಗ ಹೆಚ್ಚೆಂದು 2016ರಲ್ಲಿ ವರದಿಯಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷ, ಮಾತಾಡಲು ಆಗುವಷ್ಟು ಆದರೆ ಹಾಡಲು ಆಗದಷ್ಟು ಬಿರುಸಿನ ನಡಿಗೆ. ತೈಪೂಸಕ್ಕೆ ಮಡತ್ತುಕುಳಂ ದಾರಿಯಲ್ಲೇ ಪಳನಿಗೆ ಕಾವಡಿ ಹೊತ್ತು ನಡೆಯುವ ಹೆಂಗಸರನ್ನು ನೋಡಿದರೆ ಕಾಲಿಗೆ ಶಕ್ತಿ ಇಲ್ಲ ಎನ್ನಲಾಗದು. ವರ್ಷಕ್ಕೊಮ್ಮೆ ಮುರುಗನಿಗಾಗಿ ನಡೆಯುವವಳು ವಾರಕ್ಕೈದು ದಿನ ಅರ್ಧ ಗಂಟೆ ತನಗಾಗಿ ನಡೆಯಲು ಹೊರಟರೆ ‘ಮನೆ ಕೆಲಸ ಬಿಟ್ಟು ಎಲ್ಲಿಗೆ?’ ಎಂಬ ಮಾತು ಕೇಳಬೇಕು. ಅರ್ಧ ಗಂಟೆ ಇಲ್ಲದ್ದಲ್ಲ, ಅದು ಅವಳದ್ದಲ್ಲ. ಬೆಳಗಿನ ಒಂದು ಕೆಲಸ ಮನೆಯ ಗಂಡಸರು ವಹಿಸಿಕೊಂಡರೆ ಅದು ಡಾಕ್ಟರರ ಚೀಟಿಯಷ್ಟೇ ಬೆಲೆಯುಳ್ಳದ್ದು.

‘ಸಣಕಲು ದೇಹ, ಏನೂ ಆಗುವುದಿಲ್ಲ’ ಎಂಬುದಕ್ಕೆ ಒಂದು ದರ್ಜಿಯ ಟೇಪು ಸಾಕು. ತೂಕ ಕಡಿಮೆ ಇದ್ದರೂ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ನಮ್ಮ ಹೆಂಗಸರಿಗೆ ಅಪಾಯ ಶುರು.

ಊಟದ ಬಗ್ಗೆ ಇಲ್ಲಿ ಜಗಳವೇ ನಡೆಯುತ್ತದೆ, ಏಕೆಂದರೆ ಇದು ತೆಂಗಿನ ಸೀಮೆ. ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಎಣ್ಣೆ ಡಬ್ಬಿಯ ಮೇಲೆ ಬರೆದಿರುವುದು ಸುಳ್ಳಲ್ಲ. ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ರಕ್ತದ ಕೊಲೆಸ್ಟ್ರಾಲ್ ಏರಿಸುವುದು ಎಣ್ಣೆಯೊಳಗಿನ ಸ್ಯಾಚುರೇಟೆಡ್ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಅದು ನೂರಕ್ಕೆ ಸುಮಾರು 90, ರೇಷನ್ ಅಂಗಡಿಯ ಪಾಮಾಯಿಲ್‌ನಲ್ಲಿ 40ಕ್ಕಿಂತ ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ 20ರ ಆಸುಪಾಸು. ಪಲ್ಯಕ್ಕೆ ಒಂದು ಹಿಡಿ ಕಾಯಿತುರಿ ಹಾಕುವವಳನ್ನು ನಾನು ಹೆದರಿಸಲಾರೆ. ಹಪ್ಪಳ, ಉಪ್ಪಿನಕಾಯಿ, ಕರುವಾಡಿನ ಉಪ್ಪಿಗೆ ಹೆದರಬೇಕು. ದಿನಕ್ಕೆ 5 ಗ್ರಾಂ ಮೀರಬಾರದೆಂಬ ಲೆಕ್ಕ ನಮ್ಮ ತಟ್ಟೆಯಲ್ಲಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಎಲ್ಲರೂ ಉಂಡ ಮೇಲೆ ಕೂರುವವಳ ಪಾಲಿಗೆ ಪಲ್ಯ ತಳ ಕಂಡಿರುತ್ತದೆ, ಉಳಿದದ್ದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಸಕ್ಕರೆ, ಬಿಪಿ ಎರಡಕ್ಕೂ ಇದಕ್ಕಿಂತ ಅನುಕೂಲವಾದ ಊಟ ಇನ್ನೊಂದಿಲ್ಲ.

ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರು ‘ನಾನೇನು ಬೀಡಿ ಸೇದುತ್ತೇನಾ?’ ಎನ್ನುತ್ತಾರೆ. ಜಗಿದರೂ ನಿಕೋಟಿನ್ ರಕ್ತಕ್ಕೇ ಸೇರುತ್ತದೆ, ಬಿಪಿ ಏರಿಸುತ್ತದೆ. ಮನೆಯೊಳಗೆ ಗಂಡ ಬಿಡುವ ಹೊಗೆಯೂ ಹೆಂಡತಿಯ ಹೃದ್ರೋಗದ ಅಪಾಯವನ್ನು ಕಾಲು ಪಾಲಿನಷ್ಟು ಹೆಚ್ಚಿಸುತ್ತದೆ.

‘ಎಲ್ಲ ಟೆನ್ಷನ್‌ನಿಂದ’ ಎಂಬುದು ಅರ್ಧ ಸತ್ಯ. ಮನೆಯಲ್ಲಿ ಸಾವಾದಾಗ, ದೊಡ್ಡ ಆಘಾತವಾದಾಗ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ ‘ಟಕೊತ್ಸುಬೊ’ ಎಂಬ ಕಾಯಿಲೆಯನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದರು. ಅದು ಬರುವವರಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರೇ. ಸಾಲ, ಕುಡುಕ ಗಂಡ, ಮಗಳ ಮದುವೆಯ ಚಿಂತೆ ವರ್ಷಗಟ್ಟಲೆ ಹೃದಯವನ್ನು ಸವೆಸುವುದೂ ನಿಜವೇ. ಆದರೆ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಿದರೆ ಬಿಪಿ ನೋಡುವ ಕೆಲಸ ತಪ್ಪಿಹೋಗುತ್ತದೆ.

ದುಡ್ಡಿಲ್ಲ, ದೂರ, ಎನ್ನುವ ಕಾರಣಗಳು ಈಗ ಮೊದಲಿನಷ್ಟು ನಿಲ್ಲುವುದಿಲ್ಲ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ, ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಬಸ್ಸು ಪುಕ್ಕಟೆಯಾಯಿತು, ಸಮಯ ಆಗಲಿಲ್ಲ. ಆ ಕೊರತೆಗೆ ಉತ್ತರವೆಂಬಂತೆ ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಊರಿನ ಹೆಂಗಸರೇ ಕಾರ್ಯಕರ್ತೆಯರಾಗಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ತೋಳಿಗೆ ಪಟ್ಟಿ ಸುತ್ತುವ ಹೊತ್ತಿಗೆ ‘ನನಗೇನೂ ಇಲ್ಲ, ಅವರಿಗೆ ನೋಡಿ’ ಎಂದು ಗಂಡನನ್ನು ಮುಂದೆ ತಳ್ಳುವವರಿದ್ದಾರೆ. ಬಂದಾಗ ನೀವೇ ಮೊದಲು ಕೂತುಕೊಳ್ಳಿ. ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಇನ್ನೊಮ್ಮೆ ನೋಡಿಸಿ, ಮಾತ್ರೆ ಹೇಳಿದರೆ ನುಂಗಿ. ‘ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ’ ಎಂದು ಹೆದರಿ ದೂರ ಇಡುವುದು, ‘ಬಿಪಿ ಸರಿಹೋಯಿತು’ ಎಂದು ತಾವೇ ನಿಲ್ಲಿಸುವುದು, ಎರಡೂ ಒಂದೇ ಬಗೆಯ ತಪ್ಪು. ಸರಿ ಇರುವುದು ಮಾತ್ರೆಯಿಂದಲೇ.

ಇಷ್ಟಾದರೂ ಹೆಣ್ಣಿನ ಹೃದಯದ ಖರ್ಚು ಮನೆಯ ಲೆಕ್ಕದಲ್ಲಿ ಕೊನೆಗೇ ಬರುತ್ತದೆ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟು ಹೃದಯದೋಷಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಅದನ್ನು ಮಾಡಿಸಿದ್ದರು, ಹೆಣ್ಣುಮಕ್ಕಳಲ್ಲಿ 44 ಮಂದಿಗೆ. ಮಗುವಾಗಿದ್ದಾಗಲೇ ಶುರುವಾದ ಈ ‘ನೋಡೋಣ’ ಐವತ್ತರಲ್ಲಿ ಸುಕ್ಕುಕಾಪಿಯಾಗಿ ಬರುತ್ತದೆ.

ಎದೆ ಒತ್ತಿದಂತಾಗಿ, ಬೆವರಿ, ಹತ್ತು ನಿಮಿಷಕ್ಕೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. 2023ರಿಂದ ತಮಿಳುನಾಡಿನ ‘ಇದಯಂ ಕಾಪ್ಪೋಂ’ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮಾತ್ರೆಗಳ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗುತ್ತದೆ. ಹೋದ ಕಡೆ ಯಾರಾದರೂ ಗ್ಯಾಸ್ ಎಂದರೆ ವಾದ ಬೇಡ. ‘ಒಂದು ಇಸಿಜಿ ತೆಗೆದು ಹೇಳಿ’ ಎಂದು ಕೇಳಿ.