ಕಂಪ್ಯೂಟರ್ ಶುರುವಾಗಲು ಏಕಿಷ್ಟು ತಡ?

ಪ್ರಶ್ನೆ: ಚುರುಕಾಗಿದ್ದ ನಮ್ಮ ಕಂಪ್ಯೂಟರ್ ಇದ್ದಕ್ಕಿದ್ದಂತೆ ಶುರುವಾಗಲು ಐದಾರು ನಿಮಿಷ ತೆಗೆದುಕೊಳ್ಳುತ್ತಿದೆ. ಏಕೆ?

ಉತ್ತರ: ತಡ ಯಾವ ಹಂತದಲ್ಲಿ ಆಗುತ್ತಿದೆ ಎಂಬುದನ್ನು ಮೊದಲು ಗಮನಿಸಿ. ಡೆಸ್ಕ್‌ಟಾಪ್ ಬೇಗ ಕಾಣಿಸಿ ಆಮೇಲೆ ತೆವಳಿದರೆ, ಹೊಸದಾಗಿ ಹಾಕಿಕೊಂಡ ಯಾವುದೋ ಸಾಫ್ಟ್‌ವೇರ್ ತಾನಾಗಿಯೇ ತೆರೆದುಕೊಳ್ಳುತ್ತಿರಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಅಪ್‌ಡೇಟ್ ಬಾಕಿಯಿದ್ದರೆ ರೀಸ್ಟಾರ್ಟ್ ಕೊಟ್ಟು ಮುಗಿಸಿ.

ಡೆಸ್ಕ್‌ಟಾಪ್ ಕಾಣುವ ಮೊದಲೇ ತಡವಾಗಿ, ಹಾರ್ಡ್ ಡಿಸ್ಕ್‌ನಿಂದ ಟಕಟಕ ಸದ್ದೂ ಬರುತ್ತಿದ್ದರೆ ಡಿಸ್ಕ್ ಕೆಡುತ್ತಿರುವ ಸಂಭವ ಹೆಚ್ಚು. ಹಾಳಾದ ಭಾಗವನ್ನು ಅದು ಮತ್ತೆ ಮತ್ತೆ ಓದಲು ಯತ್ನಿಸುವುದರಿಂದಲೇ ಈ ವಿಳಂಬ. ಇಂಥ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಒಳ್ಳೆಯದು. ಆದರೆ ರಿಪೇರಿಗೆ ಕೊಡುವ ಮುನ್ನ ಫೋಟೊ, ಕಡತಗಳ ನಕಲನ್ನು ಬೇರೆಡೆ ಉಳಿಸಿಕೊಳ್ಳಿ.