ಮೊದಲ ಮೀನು ದೋಣಿಯ ಆಯ್ಕೆ: ಕೆರೆ, ತೂಕ ಮತ್ತು ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬರಕ್ಕೆ ಹೆಸರಾದವು. ಇಂತಹ ಸೀಮೆಯಲ್ಲಿ ದೋಣಿ ಕೊಳ್ಳುವ ಮಾತು ವಿಚಿತ್ರವೆನಿಸಬಹುದು. ಆದರೆ 2022ರ ಮಳೆಗೆ ಈ ಭಾಗದ ಅನೇಕ ಕೆರೆಗಳು ಕೋಡಿ ಹರಿದವು. ಹೇಮಾವತಿಯ ನೀರು ಕಳ್ಳಂಬೆಳ್ಳ ಹಾಗೂ ಶಿರಾ ಕೆರೆಗಳನ್ನು ತಲುಪಿದೆ. ಕೊರಟಗೆರೆಗೆ ಜಯಮಂಗಲಿ ನದಿಯ ತೀತಾ ಜಲಾಶಯವಿದೆ. ಕೆರೆ ತುಂಬಿದಾಗ ಬಿಡುವಿನ ದಿನ ಒಬ್ಬರೇ ಗಾಳ ಹಾಕಲು, ಹಬ್ಬಕ್ಕೆ ಬಂದ ಮನೆಮಂದಿಯನ್ನು ಒಂದು ಸುತ್ತು ಕರೆದೊಯ್ಯಲು ಸ್ವಂತ ದೋಣಿ ಬೇಕೆನ್ನುವ ಆಸೆ ಸಹಜ. ಈ ಎರಡು ಬಳಕೆಗಳನ್ನು ಒಂದೇ ದೋಣಿಯ ಮೇಲೆ ಹೇರುವಲ್ಲಿಯೇ ಹಣವೂ, ಕೆಲವೊಮ್ಮೆ ಪ್ರಾಣವೂ ಅಪಾಯಕ್ಕೆ ಸಿಲುಕುತ್ತವೆ.

ಹರಿಗೋಲೋ, ಕಯಾಕೋ?

ಹರಿಗೋಲು ನಮ್ಮ ನಾಡಿಗೆ ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತೊಗಲು ಹೊದಿಸಿದ ಬುಟ್ಟಿಯಂತಹ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿವೆ; ಫೈಬರ್ ಹರಿಗೋಲುಗಳೂ ದೊರೆಯುತ್ತವೆ. ಭಾರ ಹೊರುವುದರಲ್ಲಿ, ಬಲೆ ಎಳೆಯುವುದರಲ್ಲಿ ಹರಿಗೋಲಿಗೆ ಸಾಟಿಯಿಲ್ಲ. ಆದರೆ ಪಳಗದ ಕೈಯಲ್ಲಿ ಅದು ತಿರುಗುತ್ತಲೇ ಇರುತ್ತದೆ. ಗಾಳಿ ಎದ್ದರೆ ಒಬ್ಬರೇ ದಡ ಸೇರುವುದು ಕಷ್ಟ.

ಕಯಾಕ್ ಉದ್ದನೆಯದಾದ್ದರಿಂದ ನೇರವಾಗಿ ಸಾಗುತ್ತದೆ. ಮೀನು ಹಿಡಿಯುವವರಿಗೆ ಮೇಲೆ ಕುಳಿತುಕೊಳ್ಳುವ ಮಾದರಿ ಉತ್ತಮ. ಒಳನುಗ್ಗಿದ ನೀರು ರಂಧ್ರಗಳಿಂದ ಹೊರಹೋಗುತ್ತದೆ, ಬಿದ್ದವರು ಮತ್ತೆ ಹತ್ತುವುದೂ ಸುಲಭ. ಹೊಸಬರಿಗೆ 10ರಿಂದ 12 ಅಡಿ ಉದ್ದ, 30 ಅಂಗುಲಕ್ಕೆ ಮೇಲ್ಪಟ್ಟ ಅಗಲ ಅನುಕೂಲ. ಗಾಳಿ ತುಂಬುವ ಕಯಾಕ್ ಅಗ್ಗವೆನಿಸಿದರೂ ನಮ್ಮ ಕೆರೆಗಳಿಗೆ ತಕ್ಕದ್ದಲ್ಲ. ವರ್ಷಗಟ್ಟಲೆ ಒಣಗಿದ ಕೆರೆಯಂಗಳದಲ್ಲಿ ಬೆಳೆದ ಜಾಲಿಯ ಮುಳ್ಳು, ಬೊಡ್ಡೆಗಳು ನೀರು ತುಂಬಿದಾಗ ಕಣ್ಣಿಗೆ ಕಾಣುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನದೇ ಲೇಸು.

ತೂಕದ ಲೆಕ್ಕ

ತಯಾರಕರು ನಮೂದಿಸುವ ಸಾಮರ್ಥ್ಯ ಗರಿಷ್ಠ ಮಿತಿಯೇ ಹೊರತು ನಿತ್ಯದ ಭಾರವಲ್ಲ. ಅದರ ಮೂರನೆಯ ಎರಡು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. 180 ಕಿಲೋ ಎಂದಿದ್ದರೆ 120 ಕಿಲೋ. ಸವಾರರ ತೂಕ 70, ನೆನೆದ ಬಲೆ 15, ಮಂಜುಗಡ್ಡೆಯ ಪೆಟ್ಟಿಗೆ 10, ಮೀನು 20 ಎಂದರೆ 115 ಕಿಲೋ; ಒಬ್ಬರಿಗೆ ಅಲ್ಲಿಗೆ ಮುಗಿಯಿತು. ಇದರ ಮೇಲೆ 60 ಕಿಲೋ ತೂಗುವ ಹೆಂಡತಿ, 25 ಕಿಲೋ ತೂಗುವ ಮಗು ಕುಳಿತರೆ ಒಟ್ಟು 200. ಆಗ 300 ಕಿಲೋ ಸಾಮರ್ಥ್ಯದ, ಮೂವರಿಗೂ ಸ್ಥಳವಿರುವ ದೋಣಿ ಬೇಕು. ಆದರೆ ಅಷ್ಟು ದೊಡ್ಡದನ್ನು ಏರಿಯಿಂದ ನೀರಿಗೆ ಒಬ್ಬರೇ ಹೊತ್ತು ಇಳಿಸಬಲ್ಲರೇ ಎಂಬುದನ್ನು ಕೊಳ್ಳುವ ಮೊದಲೇ ಎತ್ತಿ ನೋಡಬೇಕು.

ವರ್ಷದಲ್ಲಿ ಹೆಚ್ಚು ದಿನ ಒಬ್ಬರೇ ಹೋಗುವುದಾದರೆ ಒಬ್ಬರ ದೋಣಿಯೇ ಸರಿ. ಮನೆಮಂದಿ ಬಂದ ದಿನ ನುರಿತ ಬೆಸ್ತರ ಹರಿಗೋಲನ್ನು ಬಾಡಿಗೆಗೆ ಹಿಡಿಯಬಹುದು. ಎರಡೂ ಬಳಕೆ ಸಮವಾಗಿದ್ದರೆ, ಆಸನವನ್ನು ನಡುವಿಗೆ ಸರಿಸಿ ಒಬ್ಬರೂ ನಡೆಸಬಹುದಾದ ಇಬ್ಬರ ಕಯಾಕ್ ಪರಿಶೀಲಿಸತಕ್ಕದ್ದು.

ಹಣ ಮತ್ತು ತೆರಿಗೆ

ಬೆಲೆಯನ್ನು ನೀರಿರುವ ದಿನಗಳಿಂದ ಭಾಗಿಸಬೇಕು. ಉದಾಹರಣೆಗೆ, 30,000 ರೂಪಾಯಿಯ ದೋಣಿ ಆರು ವರ್ಷ ಬಾಳಿದರೂ ಕೆರೆಯಲ್ಲಿ ನೀರಿದ್ದುದು ಮೂರೇ ವರ್ಷ, ವರ್ಷಕ್ಕೆ ಬಳಸಿದ್ದು 20 ದಿನವಾದರೆ ದಿನಕ್ಕೆ 500 ರೂಪಾಯಿ ಬಿದ್ದಂತಾಯಿತು. ಬಾಡಿಗೆ ಇದಕ್ಕಿಂತ ಕಡಿಮೆಯಿದ್ದರೆ ಖರೀದಿ ಏಕೆ?

ಸರಕು ಮತ್ತು ಸೇವಾ ತೆರಿಗೆಯಲ್ಲಿ ಮೀನುಗಾರಿಕೆ ದೋಣಿಗೆ (ಶೀರ್ಷಿಕೆ 8902) ಶೇ. 5 ದರವಿದೆ. ಹುಟ್ಟು ಹಾಕುವ ದೋಣಿ ಮತ್ತು ಕನೂಗಳು 8903ಕ್ಕೆ ಸೇರಿದ್ದು, 2025ರ ಸೆಪ್ಟೆಂಬರ್ 22ರಿಂದ ದರ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಯಾವ ಸಂಖ್ಯೆ ನಮೂದಾಗಿದೆಯೆಂದು ನೋಡಬೇಕು. ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿದರೂ ಸ್ವಂತ ಬಳಕೆಯ ದೋಣಿಗೆ ಕಲಂ 17(5)ರ ಮೇರೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅದನ್ನು ವ್ಯಾಪಾರದ ಖರ್ಚಿಗೆ ಬರೆಯದೆ ಮಾಲೀಕರ ಸ್ವಂತ ಖಾತೆಗೆ ಖರ್ಚು ಹಾಕುವುದು ಸರಿಯಾದ ಕ್ರಮ.

ನೀರಿಗಿಳಿಯುವ ಮುನ್ನ

ಕೆರೆಯ ಮೀನಿಗೆ ಹಕ್ಕುದಾರರಿರುತ್ತಾರೆ. ಟೆಂಡರು ಪಡೆದವರ ಅಥವಾ ಮೀನುಗಾರರ ಸಹಕಾರ ಸಂಘದ ಒಪ್ಪಿಗೆಯಿಲ್ಲದೆ ಗಾಳ ಹಾಕಿದರೆ ವ್ಯಾಜ್ಯ ತಪ್ಪಿದ್ದಲ್ಲ; ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಕೋಡಿ ಹರಿಯುವಾಗ ಅದರ ಸಮೀಪಕ್ಕೂ, ತೂಬಿನ ಬಳಿಗೂ ಹೋಗಕೂಡದು. ಹೂಳು, ಮಣ್ಣು ತೆಗೆದ ಗುಂಡಿಗಳು ಮೇಲಿನಿಂದ ತಿಳಿಯುವುದಿಲ್ಲ. ಈಜು ಬಲ್ಲವರೂ ಸೇರಿ ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ಧರಿಸಲೇಬೇಕು. ಮಕ್ಕಳಿಗೆ ಅವರ ಅಳತೆಯದೇ ಇರಬೇಕು. ದೋಣಿಯ ಬೆಲೆ ಕೇಳುವಾಗ ಮನೆಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟು ಜಾಕೆಟ್‌ಗಳ ಬೆಲೆಯನ್ನೂ ಸೇರಿಸಿಯೇ ಮೊತ್ತ ಹಾಕಬೇಕು. ಆ ಮೊತ್ತ ಕೈಗೆಟುಕದಿದ್ದರೆ ದೋಣಿಯನ್ನು ಮುಂದಿನ ಮಳೆಗಾಲಕ್ಕೆ ಬಿಡುವುದೇ ವಿವೇಕ.